ಕೆಲಸ ಬಿಡುವ ಮುಂಚೆ

ಚಿ. ಸುಮಂತನಿಗೆ ಮಾವನ ಆಶೀರ್ವಾದಗಳು.

ಕೆಲಸ ಬಿಟ್ಟು ನಾಟಕ ಬರೀತೀನಿ ಅಂದೆಯಂತೆ. ಅಕ್ಕ ಫೋನಿನಲ್ಲಿ ಅತ್ತಳು. ನಿನ್ನ ಆಸೆ ತಪ್ಪು ಅಂತ ನಾನು ಹೇಳೋದಿಲ್ಲ. ಆದರೆ ರಾಜೀನಾಮೆ ಕೊಡುವ ಮುಂಚೆ ಆರ್. ಸಿ. ಶೆರಿಫ್ ಅನ್ನುವ ಇಂಗ್ಲಿಷ್ ನಾಟಕಕಾರನ ಕಥೆ ಸ್ವಲ್ಪ ಕೇಳು.

ಅವನು ಲಂಡನ್ನಿನ ವಿಮಾ ಕಂಪನಿಯಲ್ಲಿ ಗುಮಾಸ್ತ. ಮೊದಲ ಮಹಾಯುದ್ಧಕ್ಕೆ ಹೋಗಿ 1917ರಲ್ಲಿ ಬೆಲ್ಜಿಯಮ್ಮಿನ ಪ್ಯಾಶನ್‌ಡೇಲ್‌ನಲ್ಲಿ ಗಾಯಗೊಂಡ. ಯುದ್ಧ ಮುಗಿದ ಮೇಲೆ ಮತ್ತೆ ಅದೇ ಕಂಪನಿ. ಹಗಲು ವಿಮೆಯ ಕೆಲಸ, ಸಂಜೆ ನಾಟಕ. ಹೀಗೇ ವರ್ಷಗಟ್ಟಲೆ ನಡೀತು. ಶುರುವಿನಲ್ಲಿ ಬರೆದದ್ದು ಕಿಂಗ್‌ಸ್ಟನ್ನಿನ ದೋಣಿ ಕ್ಲಬ್ಬಿಗೆ. ಹೊಸ ದೋಣಿಗೆ ದುಡ್ಡು ಕೂಡಿಸಬೇಕಿತ್ತು, ಅಷ್ಟೆ. ನನಗೆ ಇದು ತುಂಬ ಇಷ್ಟ. ಜನ ಎಲ್ಲಿ ಕೆಮ್ಮುತ್ತಾರೆ, ಎಲ್ಲಿ ಉಸಿರು ಬಿಗಿ ಹಿಡೀತಾರೆ ಅನ್ನೋದು ಇಂಥ ಕಡೆಯೇ ಗೊತ್ತಾಗೋದು, ಅಲ್ವಾ?

ಆಮೇಲೆ 'ಜರ್ನೀಸ್ ಎಂಡ್' ಬರೆದ. ಕಥೆ ನಡೆಯೋದು 1918ರ ಮಾರ್ಚ್‌ನಲ್ಲಿ, ಫ್ರಾನ್ಸಿನ ಒಂದು ಬಂಕರಿನಲ್ಲಿ. ನಾಟಕ ಶುರುವಾದಾಗ ಒಬ್ಬ ಕ್ಯಾಪ್ಟನ್ ಮೇಣದಬತ್ತಿಯ ಉರಿಗೆ ಒದ್ದೆ ಕಾಲುಚೀಲ ಹಿಡಿದು ಒಣಗಿಸುತ್ತಿರುತ್ತಾನೆ. ಜರ್ಮನ್ನರ ದಾಳಿ ಇವತ್ತೋ ನಾಳೆಯೋ ಅನ್ನುವ ಹೊತ್ತು. ಸೂಪಿಗೆ ಮೆಣಸಿನಪುಡಿ ಇಲ್ಲ ಅಂತ ಒಬ್ಬ ಅಧಿಕಾರಿಯ ತಕರಾರು. ಆ ಕಾಲುಚೀಲ, ಆ ಮೆಣಸು ಅಲ್ಲಿ ಇದ್ದು ಬಂದವನಿಗೇ ಹೊಳೆಯಬೇಕು.

ಥಿಯೇಟರಿನವರು ಬೇಡ ಅಂದರು. ಹೆಣ್ಣು ಪಾತ್ರವೇ ಇಲ್ಲ, ಯುದ್ಧದ ಕಥೆ ಯಾರು ನೋಡ್ತಾರೆ ಅಂತ. 1928ರ ಡಿಸೆಂಬರಿನಲ್ಲಿ ಸ್ಟೇಜ್ ಸೊಸೈಟಿ ಅನ್ನುವ ಲಂಡನ್ನಿನ ನಾಟಕ ಸಂಘ ಅದನ್ನು ಆಡಿಸಿತು. ಮುಖ್ಯ ಪಾತ್ರದಲ್ಲಿ 21 ವರ್ಷದ ಲಾರೆನ್ಸ್ ಒಲಿವಿಯರ್, ಆಮೇಲೆ ದೊಡ್ಡ ನಟನಾದವನು. ಮುಂದಿನ ತಿಂಗಳು ಸವಾಯ್ ಥಿಯೇಟರಿಗೆ ಹೋಯಿತು. ಒಟ್ಟು 594 ಪ್ರದರ್ಶನ!

ಮುಂದಿನ ನಾಟಕಗಳು ಅಷ್ಟು ಓಡಲಿಲ್ಲ. 35ನೇ ವಯಸ್ಸಿನಲ್ಲಿ ಆಕ್ಸ್‌ಫರ್ಡಿಗೆ ಇತಿಹಾಸ ಓದಲು ಹೋದ. ಆಮೇಲೆ ಸಿನಿಮಾಗಳಿಗೆ ಬರೆದ.

ನೀನು ಮೂರು ವರ್ಷದಿಂದ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತಿದ್ದೀಯ. ಸೆರಗಿನ ಗಂಟು ಬಿಚ್ಚಿ ನೋಟು ಎಣಿಸುವ ಕೈಗಳನ್ನು ನಿನ್ನಷ್ಟು ಹತ್ತಿರದಿಂದ ಯಾರು ನೋಡಿದ್ದಾರೆ ಹೇಳು? ಅದನ್ನು ಬರಿ. ಸಂಜೆ ಹೊತ್ತು ಬರಿ. ಗಣಪತಿ ಹಬ್ಬಕ್ಕೆ ನಮ್ಮೂರ ಹುಡುಗರ ಕೈಲಿ ಆಡಿಸೋಣ, ಮೈಕಿನ ಖರ್ಚು ನನ್ನದು. ಕೆಲಸ ಮಾತ್ರ ಸದ್ಯಕ್ಕೆ ಬಿಡಬೇಡ ಕಣೋ.

ಅಕ್ಕನಿಗೆ ಇವತ್ತೇ ಒಂದು ಫೋನ್ ಮಾಡು.

ಇಂತಿ,
ನಿನ್ನ ಮಾವ