ಟಿಲ್ಲರಿಗೆ ಸಬ್ಸಿಡಿ ಸಿಕ್ತದೆ, ಬ್ಲೇಡ್ ಸಿಗುದಿಲ್ಲ

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಈಗ ಸುಮಾರು ಮನೆಗಳಲ್ಲಿ ಮಣ್ಣು ಮಗುಚುವ ಸಣ್ಣ ಟಿಲ್ಲರ್ ಮಿಷನ್ ಉಂಟು. 2014-15ರಲ್ಲಿ ಶುರುವಾದ ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಣ್ಣ ಕೃಷಿಕರಿಗೆ ಶೇ. 50ರವರೆಗೆ ಸಬ್ಸಿಡಿ ಸಿಗುವುದ್ರಿಂದ ಧೈರ್ಯ ಮಾಡಿ ತಗೊಂಡವರು ತುಂಬಾ ಜನ, ಕೆಲಸಕ್ಕೆ ಆಳು ಸಿಗದ ಈ ಕಾಲದಲ್ಲಿ ಅದು ದೊಡ್ಡ ಉಪಕಾರವೇ. ಆದ್ರೆ ಬ್ಲೇಡ್ ಸವೆದ ದಿನದಿಂದ ಕೃಷಿಕನ ಹತ್ರ ಮಾತಾಡುವವರು ಯಾರೂ ಇಲ್ಲ.

ನಮ್ಮದು ಮುರಕಲ್ಲಿನ ಜಲ್ಲಿ ಇರುವ ಮಣ್ಣು. ಆ ಜಲ್ಲಿಗೆ ಉಜ್ಜಿ ಉಜ್ಜಿ ಬ್ಲೇಡಿನ ತುದಿ ಬೇಗ ತೆಳು ಆಗ್ತದೆ, ಆಮೇಲೆ ಇಂಜಿನ್ ಎಷ್ಟು ರೇಸ್ ಮಾಡಿದ್ರೂ ಮಣ್ಣು ಮಗುಚುದಿಲ್ಲ, ಮಿಷನ್ ಮೇಲೆ ಹಾರ್ತದೆ, ಪೆಟ್ರೋಲ್ ಖರ್ಚು, ಕೈ ನೋವು. ಹೊಸ ಬ್ಲೇಡ್ ಸಿಗದೆ ಜನ ಹಳೇದಕ್ಕೇ ಕಬ್ಬಿಣದ ತುಂಡು ವೆಲ್ಡ್ ಮಾಡಿಸ್ತಾರೆ, ಆ ಬಿಸಿಗೆ ಬ್ಲೇಡಿನ ಹದ ಹೋಗಿ ಒಂದೋ ಬಾಗ್ತದೆ ಇಲ್ಲ ತುಂಡಾಗ್ತದೆ. ಬ್ಲೇಡಲ್ಲಿ ಎಡದ್ದು ಬೇರೆ ಬಲದ್ದು ಬೇರೆ, ಹರಿತದ ಬದಿ ತಿರುಗುವ ದಿಕ್ಕಿಗೇ ಇರ್ಬೇಕು, ಬದಲಿಸುವಾಗ ಎರಡೂ ಕಡೆದ್ದು ಒಟ್ಟಿಗೇ ಬದಲಿಸ್ಬೇಕು, ಇಲ್ಲದಿದ್ರೆ ಮಿಷನ್ ಒಂದು ಬದಿಗೆ ಎಳೀತದೆ. ಕೈ ಹಾಕುವ ಮೊದಲು, ಇಂಜಿನ್ ಅಕಸ್ಮಾತ್ ಸ್ಟಾರ್ಟ್ ಆಗದ ಹಾಗೆ, ಸ್ಪಾರ್ಕ್ ಪ್ಲಗ್ಗಿನ ವಯರ್ ತೆಗೀಲೇಬೇಕು. ಮಾರುವಾಗ ಇಷ್ಟು ಹೇಳ್ಲಿಕ್ಕೆ ಹತ್ತು ನಿಮಿಷ ಸಾಕು, ಹೇಳುವವರಿಲ್ಲ.

ಗೇರ್ ಆಯಿಲ್ ಹೊರಗೆ ಬಾರದ ಹಾಗೆ ಶಾಫ್ಟಿನ ಸುತ್ತ ಇರುವ ರಬ್ಬರ್ ಬಳೆ, ಆಯಿಲ್ ಸೀಲ್, ಅದರದ್ದು ಇನ್ನೊಂದು ಕಥೆ. ಬಾಳೆ ನಾರು, ಪ್ಲಾಸ್ಟಿಕ್ ಹಗ್ಗ ಶಾಫ್ಟಿಗೆ ಸುತ್ತಿ ಒಳಗೆ ಹೋಗಿ ಸೀಲ್ ಕೊಯ್ತದೆ, ಗೇರ್ ಆಯಿಲ್ ಸ್ವಲ್ಪ ಸ್ವಲ್ಪವೇ ಸೋರ್ತದೆ, ಗೊತ್ತಾಗುವಾಗ ಗೇರೇ ತಿಂದು ಹೋಗಿರ್ತದೆ. ದಿನಾ ಕೆಲಸ ಮುಗಿದ ಮೇಲೆ ಆ ನಾರು ಬಿಡಿಸಿದ್ರೆ ಅರ್ಧ ರಿಪೇರಿ ಖರ್ಚು ಉಳೀತದೆ. ಸೀಲಿನ ಮೇಲೆ 25-40-7 ಅಂತ ಅಳತೆ (ಒಳ ಅಗಲ, ಹೊರ ಅಗಲ, ದಪ್ಪ, ಮಿಲಿಮೀಟರಲ್ಲಿ) ಬರ್ದಿರ್ತದೆ, ಬೆಲ್ಟಿನ ಮೇಲೂ ನಂಬರ್ ಇರ್ತದೆ, ಅದನ್ನು ಹಿಡ್ಕೊಂಡು ಹೋದ್ರೆ ಯಾವ ಬೇರಿಂಗ್ ಅಂಗಡಿಯಲ್ಲೂ ಕೇಳ್ಬಹುದು. ಕೆಲವು ಮಿಷನಲ್ಲಿ ಬ್ಲೇಡಿಗೆ ಕಲ್ಲು ಸಿಕ್ಕಿದ್ರೆ ತಾನೇ ತುಂಡಾಗಿ ಗೇರ್ ಉಳಿಸುವ ಪಿನ್ ಇರ್ತದೆ, ಅದರ ಜಾಗದಲ್ಲಿ ದಯವಿಟ್ಟು ಯಾರೂ ಗಟ್ಟಿ ಬೋಲ್ಟ್ ಹಾಕ್ಬೇಡಿ, ತುಂಡಾಗ್ಬೇಕಾದದ್ದು ತುಂಡಾಗದಿದ್ರೆ ಗೇರ್ ಬಾಕ್ಸೇ ಹೋಗ್ತದೆ.

ನಾವು ಸಿಕ್ಕಿ ಬೀಳುವುದು ಆಯಾ ಕಂಪೆನಿಯದ್ದೇ ಆಗ್ಬೇಕಾದ ಬ್ಲೇಡು, ಶಾಫ್ಟು, ಗೇರಿಗೆ. ಮಾರಿದ ಅಂಗಡಿಯಲ್ಲಿ ಕೇಳಿದ್ರೆ ಆ ಮಾಡೆಲ್ ಈಗ ಬರುದಿಲ್ಲ ಅಂತಾರೆ. ಹಾಗಾಗಿ ಕೃಷಿ ಇಲಾಖೆಯವರಲ್ಲಿ ಕೇಳುವುದಿಷ್ಟು: ಇಂತಿಷ್ಟು ವರ್ಷ ಸವೆಯುವ ಪಾರ್ಟ್ಸ್ ಜಿಲ್ಲೆಯೊಳಗೇ ಕೊಡ್ತೇವೆ ಅಂತ ಬರೆದು ಕೊಟ್ಟವರ ಮಿಷನಿಗೆ ಮಾತ್ರ ಸಬ್ಸಿಡಿ ಕೊಡಿ. ಪಾರ್ಟ್ ನಂಬರಿನ ಪಟ್ಟಿ, ಚಿತ್ರ ಇರುವ ಕೈಪಿಡಿ ಕನ್ನಡದಲ್ಲೂ ಕೊಡಿಸಿ, ಸರ್ಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕೊಟ್ಟಿದ್ದಾರಲ್ಲ. ಮತ್ತೆ ದೀಪಾವಳಿ ಮೊದಲು, ಜನ ಗದ್ದೆಯಲ್ಲಿ ಸೌತೆ, ಅಲಸಂಡೆಗೆ ಮಣ್ಣು ಮಾಡುವ ಮುಂಚೆ, ಪ್ರತಿ ಪಂಚಾಯತಿನಲ್ಲಿ ಒಂದು ದಿನ ಮೆಕ್ಯಾನಿಕ್ ಕರೆಸಿ ಕ್ಯಾಂಪ್ ಇಡಿ. ಪಾರ್ಟ್ಸಿನ ದುಡ್ಡು ನಾವೇ ಕೊಡ್ತೇವೆ.

- ಒಬ್ಬ ಅಡಿಕೆ ಕೃಷಿಕ, ಪೆರ್ಲ