ಗಿಣ್ಣು ಯಾರ ಪಾಲು

ಪ್ರೀತಿಯ ಕೂಸಿಗೆ,

ಅಪ್ಪೆಮಿಡಿ ಬಂತು, ಹಲಸಿನ ಹಪ್ಪಳ ಬಂತು, ತುಪ್ಪದ ಡಬ್ಬ ಮಾತ್ರ ಬರಲಿಲ್ಲ ಎಂದು ಅಪ್ಪನ ಹತ್ತಿರ ದೂರು ಹೇಳಿದೆಯಂತೆ. ಅಮ್ಮ ಹಾಲು ಮೊಸರು ಬಿಟ್ಟಿದ್ದಾಳಂತಲ್ಲ, ಏನಾದರೂ ವ್ರತವೇ ಎಂದೂ ಕೇಳಿದೆಯಂತೆ. ವ್ರತವಾಗಿದ್ದರೆ ಇಷ್ಟು ಹೊತ್ತಿಗೆ ಉದ್ಯಾಪನೆ ಮುಗಿಸಿ ಪಾಯಸ ಉಣ್ಣುತ್ತಿದ್ದೆ. ಫೋನಿನಲ್ಲಿ ಹೇಳೋಣವೆಂದರೆ ತೋಟದ ಮೇಲಿನ ದರೆ ಹತ್ತಬೇಕು, ಈ ಮಳೆಯಲ್ಲಿ ಅಲ್ಲಿ ನಿಂತರೆ ರಕ್ತ ಹೀರುವ ಉಂಬಳಗಳಿಗೆ ಹಬ್ಬ. ಅದೂ ಅಲ್ಲದೆ ನೀನು ನಡುನಡುವೆ ಬಾಯಿ ಹಾಕುತ್ತೀಯೆ. ಅದಕ್ಕೇ ಪತ್ರ.

ತುಪ್ಪ ಇಲ್ಲದ್ದಕ್ಕೆ ಕಾರಣ ಸರಳ. ನಮ್ಮ ಹಸು ಕೌಲಿಯ ಹಾಲು ಬತ್ತಿದೆ. ಮತ್ತೆ ಬೆದೆಗೆ ಬಂದಾಗ ಇಂಜೆಕ್ಷನ್ ಕೊಡಿಸುವುದು ಬೇಡ ಎಂದು ನಾನು ಅಡ್ಡ ನಿಂತೆ. ಅಪ್ಪ ಗೊಣಗಿದರು, ಒಪ್ಪಿದರು. ಈಗ ಕೊಟ್ಟಿಗೆಯಲ್ಲಿರುವುದು ಕೌಲಿ ಮತ್ತು ಆ ಮುದಿ ಗಿಡ್ಡ, ಎರಡೂ ಹಾಲು ಕೊಡುವುದಿಲ್ಲ, ಎರಡೂ ಹೊಟ್ಟೆ ತುಂಬ ತಿನ್ನುತ್ತವೆ. ಅಪ್ಪನ ಕಾಫಿಗೆ, ಅಜ್ಜಿಯ ಮಜ್ಜಿಗೆಗೆ ಪೇಟೆಯಿಂದ ಪ್ಯಾಕೆಟ್ ಬರುತ್ತದೆ. ಅದನ್ನು ನಾನು ತಡೆದಿಲ್ಲ.

ನಿನಗೆ ಗಿಣ್ಣು ಎಂದರೆ ಪ್ರಾಣ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ತಟ್ಟೆಯಲ್ಲಿ ಚೌಕವಾಗಿ ಕತ್ತರಿಸಿ ಇಟ್ಟರೆ ಅಡುಗೆಮನೆಗೆ ಎಷ್ಟು ಸಲ ಬಂದು ಹೋಗುತ್ತಿದ್ದೆ! ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಕೌಲಿ ಕೊನೆಯ ಸಲ ಕರು ಹಾಕಿದ್ದು ನಸುಕಿನಲ್ಲಿ. ಕರುವಿನ ಮೈ ಇನ್ನೂ ಹಸಿ. ಕೌಲಿ ನೆಕ್ಕುತ್ತಿದ್ದಾಳೆ, ಅದು ಏಳಲು ನೋಡುತ್ತದೆ, ಹಿಂಗಾಲು ನಿಂತರೆ ಮುಂಗಾಲು ಮಡಿಸಿಹೋಗುತ್ತದೆ. ಹೇಗೋ ಎದ್ದು ಕೆಚ್ಚಲು ಹುಡುಕಿಕೊಂಡು ಹೊರಟು ತಾಯಿಯ ಮುಂಗಾಲಿನ ಸಂದಿಗೆ ಮೂತಿ ತೂರಿಸಿ ಗುದ್ದುತ್ತಿದೆ, ಪಾಪ, ದಾರಿ ತಪ್ಪಿ. ಅದು ಇನ್ನೂ ಸರಿಯಾದ ಜಾಗ ತಲುಪಿರಲಿಲ್ಲ, ಮೇಲಿನ ಮನೆಯ ಹುಡುಗ ಸ್ಟೀಲ್ ಡಬ್ಬಿ ಹಿಡಿದು ಅಂಗಳದಲ್ಲಿ ನಿಂತಿದ್ದ: ‘ಗಿಣ್ಣದ ಹಾಲು ಇದ್ದರೆ ಕೊಡಬೇಕಂತೆ.’

ಪಶುವೈದ್ಯರನ್ನು ಕೇಳು, ಹೇಳುತ್ತಾರೆ. ಮನುಷ್ಯರ ಕೂಸಿಗೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ರೋಗ ತಡೆಯುವ ಶಕ್ತಿ ಒಂದಿಷ್ಟು ಬಂದಿರುತ್ತದೆ. ಕರುವಿಗೆ ಹಾಗಲ್ಲ, ಅದು ಬರಿಗೈಯಲ್ಲಿ ಹುಟ್ಟುತ್ತದೆ. ಬೇಕಾದದ್ದೆಲ್ಲ ಆ ಮೊದಲ ಹಾಲಿನಲ್ಲಿದೆ, ಅದನ್ನೂ ಮೊದಲ ಕೆಲವು ಗಂಟೆಗಳಲ್ಲಿ ಕುಡಿದರೇ ಚೆನ್ನ. ಒಂದು ದಿನ ಕಳೆಯುವ ಹೊತ್ತಿಗೆ ಅದರ ಕರುಳು ಆ ಶಕ್ತಿಯನ್ನು ಹೀರಿಕೊಳ್ಳುವುದನ್ನು ನಿಲ್ಲಿಸಿರುತ್ತದೆ. ಆ ಹಾಲಿಗೆ ನಾವು ಬೆಲ್ಲ ಸೇರಿಸುತ್ತೇವೆ. ಕರುವಿಗೆ ಬಿಟ್ಟೇ ಕರೆಯುತ್ತಿದ್ದೆವಲ್ಲ ಎನ್ನುತ್ತೀಯೆ. ಬಿಡುತ್ತಿದ್ದೆವು. ಎಷ್ಟು ಬಿಡಬೇಕು ಎನ್ನುವ ತೀರ್ಮಾನ ಯಾವತ್ತೂ ನಮ್ಮದೇ. ಅದು ಜಾಸ್ತಿ ಕುಡಿಯಬಾರದೆಂದು ಮೂತಿಗೆ ಕಟ್ಟುವ ಕುಕ್ಕೆಯನ್ನು ಹೆಣೆದವರೂ ನಾವೇ. ಕರು ಸತ್ತುಹೋದರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸಿ ಹಾಲು ಕರೆಯುವ ಪದ್ಧತಿ ಇತ್ತು, ಅಜ್ಜಿಯನ್ನು ಕೇಳಿದರೆ ಹೇಳುತ್ತಾರೆ. ಹಸು ಅದನ್ನು ನೆಕ್ಕುತ್ತಾ ಹಾಲು ಇಳಿಸುತ್ತಿತ್ತಂತೆ.

ಇನ್ನು ಹುಟ್ಟಿದ್ದು ಗಂಡಾದರೆ? ಹೆಣ್ಣು ಕರುವಾದರೆ ಮನೆಯೆಲ್ಲ ಸಂಭ್ರಮ, ಗಂಡಾದರೆ ‘ಹೋರಿ’ ಎನ್ನುವಾಗಲೇ ಅಪ್ಪನ ದನಿ ಇಳಿಯುತ್ತದೆ. (ಮನುಷ್ಯರ ಮನೆಯಲ್ಲಿ ಇದು ಉಲ್ಟಾ. ಆ ವಿಷಯಕ್ಕೆ ಇನ್ನೊಂದು ಪತ್ರವೇ ಬೇಕು.) ಉಳುವ ಕೆಲಸವಿದ್ದ ಕಾಲದಲ್ಲಿ ಹೋರಿಕರು ಎತ್ತಾಗುತ್ತಿತ್ತು. ಈಗ ಗದ್ದೆಗೆ ಟಿಲ್ಲರ್ ಇಳಿಯುತ್ತದೆ, ಎಷ್ಟೋ ಗದ್ದೆಗಳು ತೋಟವಾಗಿ ಅದೂ ಬೇಡವಾಗಿದೆ. ನಮ್ಮ ಮಲೆನಾಡು ಗಿಡ್ಡ ಹೊತ್ತಿಗೆ ಒಂದು ಲೀಟರು ಕೊಟ್ಟರೆ ಅದೇ ಹೆಚ್ಚು, ಹಾಗಾಗಿ ಜರ್ಸಿ ಮಿಶ್ರತಳಿ ಬಂತು, ಅದರ ಗಂಡುಕರುವಿಗೆ ಹೆಗಲ ಮೇಲೆ ಡುಬ್ಬವೂ ಇಲ್ಲ, ನೊಗಕ್ಕೂ ಆಗುವುದಿಲ್ಲ. ಆದರೂ ಹಸು ಹಾಲು ಕೊಡಬೇಕಾದರೆ ಕರು ಹಾಕಲೇಬೇಕು, ಒಂಬತ್ತು ತಿಂಗಳು ಹೊತ್ತು. ಅರ್ಧದಷ್ಟು ಗಂಡೇ ಹುಟ್ಟುತ್ತವೆ. ಊರಿನ ಕೊಟ್ಟಿಗೆಗಳನ್ನು ಒಮ್ಮೆ ಇಣುಕಿ ನೋಡು, ಹೋರಿಗಳೆಷ್ಟು ಕಾಣುತ್ತವೆ? ಎಲ್ಲಿ ಹೋದವು ಎಂದು ಕೇಳಿದರೆ ಎಲ್ಲರ ಮನೆಯಲ್ಲೂ ಒಂದೇ ಉತ್ತರ, ‘ಯಾರೋ ಸಾಕುತ್ತೇವೆಂದು ಒಯ್ದರು’. ಹಾಗೆ ಸಾಕುವ ಆ ಪುಣ್ಯಾತ್ಮರ ಊರು ಯಾವುದೆಂದು ಇಲ್ಲಿಯವರೆಗೆ ಒಬ್ಬರೂ ಹೇಳಿದ್ದಿಲ್ಲ.

ಕಾನೂನು ಬಂತಲ್ಲ ಎನ್ನಬೇಡ. 2020ರ ನಮ್ಮ ರಾಜ್ಯದ ಕಾಯ್ದೆ ಹಸು, ಕರು, ಹೋರಿ, ಎತ್ತು ಯಾವುದನ್ನೂ ಕೊಲ್ಲಬಾರದು ಎನ್ನುತ್ತದೆ. ಎಮ್ಮೆ ಕೋಣಗಳಿಗೆ ಮಾತ್ರ ಹದಿಮೂರು ವರ್ಷ ದಾಟಿದರೆ, ಅನುಮತಿ ಪಡೆದು, ಕೊಲ್ಲಬಹುದು. ಎಮ್ಮೆಯ ಹಾಲು ಹಸುವಿನದಕ್ಕಿಂತ ದಪ್ಪ, ಬೆಣ್ಣೆ ಜಾಸ್ತಿ, ಅದೇ ಮೊಸರು ಗಟ್ಟಿ ಎಂದು ಮೆಚ್ಚುತ್ತೇವೆ. ಅದು ಮಾಡಿದ ತಪ್ಪೇನು? ಕಪ್ಪಗಿದೆ, ಯಮನ ವಾಹನದ ಜಾತಿ. ಜಗತ್ತಿನಲ್ಲಿ ಎಮ್ಮೆ ಮಾಂಸವನ್ನು ಹೆಚ್ಚು ರಫ್ತು ಮಾಡುವ ದೇಶಗಳಲ್ಲಿ ನಮ್ಮದು ಮುಂಚೂಣಿಯಲ್ಲಿದೆ, ಗೋಮಾತೆಗೆ ಜೈ ಎನ್ನುವ ದೇಶವೂ ಇದೇ. ಕೊಲ್ಲುವುದನ್ನು ಕಾಯ್ದೆ ತಡೆಯಿತು, ಹುಟ್ಟಿಸುವುದನ್ನು ಯಾರೂ ಕಡಿಮೆ ಮಾಡಲಿಲ್ಲ. ಹಾಗಾಗಿ ಬೇಡದ ಕರುಗಳು ಈಗ ರಾತ್ರೋರಾತ್ರಿ ಕಾಡಿನಂಚಿನಲ್ಲಿ, ಹೆದ್ದಾರಿಯ ಬದಿಯಲ್ಲಿ ಇಳಿಯುತ್ತವೆ.

ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಕೊಂಬಿಗೆ ಕೆಮ್ಮಣ್ಣು ಹಚ್ಚಿ, ಅಡಿಕೆ, ಪಚ್ಚೆತೆನೆ, ಚೆಂಡುಹೂವಿನ ಮಾಲೆ ಕಟ್ಟಿ ಗೋಪೂಜೆ ಮಾಡುತ್ತೇವಲ್ಲ, ಅದು ನನಗೆ ಇಂದಿಗೂ ಇಷ್ಟವೇ. ಮಾಲೆ ಪೋಣಿಸುವವಳು ನಾನೇ. ಆದರೆ ಪೂಜೆ ಮಾಡಿದ ಮೇಲೆ ಲೆಕ್ಕ ಕೇಳುವ ದಾರಿಯೇ ಮುಚ್ಚಿಹೋಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಆರತಿ ಎತ್ತಿದವರನ್ನು ‘ನಿಮ್ಮ ಹೋರಿಕರು ಎಲ್ಲಿ’ ಎಂದು ಕೇಳಿ ನೋಡು, ಮುಖ ಹೇಗಾಗುತ್ತದೆ!

ಮಂಗನಿಗೂ ಇದೇ ಮರ್ಯಾದೆ. ಬದುಕಿರುವ ಮಂಗ ಏಲಕ್ಕಿ, ಬಾಳೆ, ಎಳೆ ಅಡಿಕೆ ಹಾಳು ಮಾಡುವ ಪೀಡೆ. ಪಟಾಕಿ, ಕವಣೆ, ಕೆಲವು ಕಡೆ ಕೋವಿ. ಅದೇ ಮಂಗ ಕರೆಂಟು ತಗುಲಿ ಸತ್ತರೆ ಹನುಮಂತ, ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದು ಸಮಾಧಿ ಮಾಡುತ್ತಾರೆ. ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಆ ಜ್ವರಕ್ಕೆ ನಾವಿಟ್ಟ ಹೆಸರು ನೋಡು, ಮಂಗನ ಕಾಯಿಲೆ! ಹರಡುವುದು ಉಣುಗು. ಮಂಗ ನಮ್ಮ ಹಾಗೆಯೇ ಕಾಯಿಲೆ ಬಿದ್ದು, ನಮಗಿಂತ ಮೊದಲು ಸತ್ತು, ಎಚ್ಚರಿಕೆ ಕೊಡುತ್ತದೆ. ಹೆಸರು ಮಾತ್ರ ಅದರ ತಲೆಗೆ ಕಟ್ಟಿದ್ದೇವೆ.

ಈಗ ನಮ್ಮವರ ಮಾತಿಗೆ ಬರುತ್ತೇನೆ. ಬಸ್ಸಿನಲ್ಲಿ ಮೀನಿನ ಬುಟ್ಟಿ ಹತ್ತಿದರೆ ಸೆರಗು ಮೂಗಿಗೆ ಹೋಗುತ್ತದೆ, ನಾವು ಸಸ್ಯಾಹಾರಿಗಳಲ್ಲವೇ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಮನೆಯಲ್ಲಿ ಸಾಕಿದ ಕೋಳಿಯನ್ನು ಭೂತಕ್ಕೆ ಹರಕೆ ಒಪ್ಪಿಸಿ ತಾನೇ ಕೊಯ್ದು ಉಣ್ಣುವವನಿಗೆ ತಾನು ಏನು ಮಾಡಿದೆ ಎಂಬುದು ಗೊತ್ತು. ಕೋಳಿಗೆ ಅದರಿಂದ ನೋವು ಕಡಿಮೆಯಾಗುವುದಿಲ್ಲ, ಅವನ ಪರ ವಾದಿಸುತ್ತಿಲ್ಲ. ಆದರೆ ಅವನನ್ನು ಕೀಳಾಗಿ ಕಾಣುವ ಅಧಿಕಾರ ಹಾಲು ಕುಡಿಯುವವರಿಗೆ ಎಲ್ಲಿಂದ ಬಂತು? ಹಾಲಿನ ಹಿಂದೆ ಹೋರಿಕರು, ಮೊಟ್ಟೆಯ ಹಿಂದೆ ಹುಟ್ಟಿದ ದಿನವೇ ತೀರಿಹೋಗುವ ಹುಂಜಮರಿ. ಮೊಟ್ಟೆ ಇಡುವ ತಳಿಯ ಗಂಡುಮರಿ ಮಾಂಸಕ್ಕೂ ಲಾಭವಿಲ್ಲ ಎಂದು ಮರಿಮಾಡುವ ಕಾರ್ಖಾನೆಗಳು ಅವನ್ನು ಅಲ್ಲಿಯೇ ಮುಗಿಸುತ್ತವೆ. ಇದೆಲ್ಲ ಈಗಿನವರ ಹುಚ್ಚು ಎನ್ನುತ್ತಾರೆ ನಿನ್ನ ಚಿಕ್ಕಪ್ಪ. 1944ರಲ್ಲಿ ಇಂಗ್ಲೆಂಡಿನ ಸಸ್ಯಾಹಾರಿ ಸಂಘದೊಳಗೆ ಇದೇ ಜಗಳವಾಗಿತ್ತು. ಹಾಲು ಬಿಟ್ಟವರಿಗೆ ಒಂದು ವಿಭಾಗ ಕೊಡಿ ಎಂದು ಡೊನಾಲ್ಡ್ ವಾಟ್ಸನ್ ಮತ್ತು ಕೆಲವರು ಕೇಳಿದರು, ಸಂಘ ಒಪ್ಪಲಿಲ್ಲ, ಅವರು ಬೇರೆ ಒಲೆ ಹೂಡಿದರು. ವೀಗನ್ ಎಂಬ ಹೆಸರು ಹುಟ್ಟಿದ್ದು ಹಾಗೆ. ಹಾಲಿನ ಜಗಳ ಸಸ್ಯಾಹಾರಿಗಳ ಮನೆಯೊಳಗಿನದೇ ಎಂದು ಚಿಕ್ಕಪ್ಪನಿಗೆ ಹೇಳಿದೆ. ಅವರು ಮೊಸರನ್ನ ಕಲಸುತ್ತಿದ್ದರು, ಕೇಳಿಸಿಕೊಳ್ಳಲಿಲ್ಲ.

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯನ್ನೂ ಓದಿದೆ. ಪ್ರಾಣಿಯನ್ನು ಹೊಡೆದು ಬಡಿದು ಹಿಂಸಿಸಿದರೆ ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಪಕ್ಕದಲ್ಲೇ ಇನ್ನೊಂದು ಪಟ್ಟಿ: ಬೀಜ ಒಡೆಯುವುದು, ಕೊಂಬು ತೆಗೆಯುವುದು, ಬರೆ ಹಾಕುವುದು, ಮೂಗುದಾರ ಹಾಕುವುದು, ಇವು ನಿಗದಿತ ರೀತಿಯಲ್ಲಿ ನಡೆದರೆ ಹಿಂಸೆಯ ಲೆಕ್ಕಕ್ಕೆ ಬರುವುದಿಲ್ಲ. ನಮಗೆ ಬೇಕಾದ ನೋವು ನೋವಲ್ಲ. ಇಷ್ಟನ್ನು ಇಷ್ಟು ನೇರವಾಗಿ ಬರೆದಿಟ್ಟ ಕಾಯ್ದೆಯ ಪ್ರಾಮಾಣಿಕತೆಗೆ ಮೆಚ್ಚಬೇಕು.

ನಿನ್ನ ನಾಯಿ ಬ್ರೂನೋನ ವಿಷಯ ಎತ್ತಬಾರದು ಎಂದುಕೊಂಡಿದ್ದೆ, ತಡೆಯಲಾಗುತ್ತಿಲ್ಲ. ಅವನಿಗೆ ಹುಟ್ಟುಹಬ್ಬ ಮಾಡಿ ಫೋಟೋ ಕಳಿಸಿದ್ದೆಯಲ್ಲ, ಚೆಂದವಿತ್ತು. ಅವನ ತಿಂಡಿಯ ಚೀಲದ ಮೇಲೂ ಒಂದು ಕೋಳಿಯ ಚಿತ್ರವಿತ್ತು. ಬ್ರಾಯ್ಲರ್ ಕೋಳಿಯ ಆಯಸ್ಸು ಸುಮಾರು ಆರು ವಾರ, ಹುಟ್ಟುಹಬ್ಬದ ಮಾತೇ ಇಲ್ಲ. ಬ್ರೂನೋನನ್ನು ಉಪವಾಸ ಕೆಡವು ಎನ್ನುತ್ತಿಲ್ಲ. ಒಂದಕ್ಕೆ ಹೆಸರಿಟ್ಟು ಇನ್ನೊಂದನ್ನು ಕಿಲೋ ಲೆಕ್ಕದಲ್ಲಿ ತೂಗುವ ಕೈ ಒಂದೇ ಎಂದಷ್ಟೇ.

ಇನ್ನು ನಿನ್ನ ಪ್ರಶ್ನೆಗಳು, ಕೇಳುವ ಮೊದಲೇ. ಬಿ12 ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಡಾಕ್ಟರು ಹೇಳಿಯೇ ಕೊಟ್ಟಿದ್ದಾರೆ, ಸೊಪ್ಪುಕಾಳಿನಲ್ಲಿ ಅದು ಸಿಗುವುದಿಲ್ಲ. ಸುಣ್ಣದಂಶಕ್ಕೆ ರಾಗಿ, ಎಳ್ಳು ಇದೆ. ತಂಬುಳಿಗೆ ಮಜ್ಜಿಗೆಯ ಬದಲು ತೆಂಗಿನಹಾಲಿಗೆ ವಾಟೆಹುಳಿ ಹಿಂಡುತ್ತೇನೆ, ಒಂದೆಲಗಕ್ಕೆ ಹೊಂದುತ್ತದೆ, ಮೆಂತೆಗೆ ಅಷ್ಟು ಹೊಂದುವುದಿಲ್ಲ. ಅಪ್ಪೆಹುಳಿಗಂತೂ ಯಾರ ಹಂಗೂ ಇಲ್ಲ. ಕಾಫಿ ಕಪ್ಪಗೇ ಕುಡಿಯುತ್ತೇನೆ. ಅಜ್ಜಿ ‘ಕಷಾಯ ಕುಡಿದೆಯಾ’ ಎಂದು ದಿನಾ ಕೆಣಕುತ್ತಾರೆ.

ಅಪ್ಪನ ಪ್ರಶ್ನೆಯೇ ಕಷ್ಟದ್ದು. ‘ದನ ಬೇಡವೆಂದರೆ ಅಡಿಕೆ ಮರದ ಬುಡಕ್ಕೆ ಏನು ಹಾಕುವುದು, ನಿನ್ನ ಸಿದ್ಧಾಂತವನ್ನೇ?’ ಗೊಬ್ಬರ ಬೇಕು, ಸುಳ್ಳಲ್ಲ. ಸೊಪ್ಪಿನಬೆಟ್ಟದ ದರಕು (ಉದುರಿದ ಒಣ ಎಲೆ) ಕೊಟ್ಟಿಗೆಗೆ ಹೋಗಿ ಗೊಬ್ಬರವಾಗಿ ತೋಟಕ್ಕೆ ಬರುವ ಈ ಏರ್ಪಾಡು ನಮ್ಮಜ್ಜನ ಕಾಲದ್ದಲ್ಲ, ಅದಕ್ಕೂ ಹಳೆಯದು. ಮುದಿ ದನ ಎರಡೂ ಸಗಣಿ ಹಾಕುತ್ತವೆ, ಅದನ್ನು ತೋಟಕ್ಕೆ ಹಾಕುತ್ತೇವೆ, ಅವಕ್ಕೆ ಅದರಿಂದ ಏನೂ ಹೋಗುವುದಿಲ್ಲ. ಅವು ಸತ್ತ ಮೇಲೆ? ಸೊಪ್ಪನ್ನೇ ಕೊಳೆಸಿ ಕಾಂಪೋಸ್ಟ್ ಮಾಡಿ ನೋಡುವುದೆಂದು ಕೆಳಗಿನ ಒಂದು ಸಾಲಿಗೆ ಹಾಕಿದ್ದೇವೆ, ಫಸಲು ಏನು ಹೇಳುತ್ತದೋ ನೋಡಬೇಕು. ಅಪ್ಪನಿಗೆ ನಂಬಿಕೆಯಿಲ್ಲ, ಆದರೂ ಬುಟ್ಟಿ ಹೊರುತ್ತಾರೆ. ಉಂಬಳಕ್ಕೆ ಸುಣ್ಣ ಹಚ್ಚುವುದನ್ನು ನಾನೂ ಬಿಟ್ಟಿಲ್ಲ. ಸಂತಳಾಗಲು ಹೊರಟವಳಲ್ಲ ನಾನು.

ಕೊನೆಗೆ ನಿನ್ನ ಮದುವೆಯ ವಿಷಯ. ಮಾಘದಲ್ಲಿ ಎಂದರೆ ದೂರವೇನಿಲ್ಲ. ಬೀಗರ ಎಲೆಗೆ ಮಜ್ಜಿಗೆ ಬೀಳುತ್ತದೆ, ತುಪ್ಪ ಬೀಳುತ್ತದೆ, ನಾನು ಅಡ್ಡ ಬರುವುದಿಲ್ಲ. ಪಾಯಸ ಮಾತ್ರ ಕಾಯಿಹಾಲಿನದು, ಅಡುಗೆಭಟ್ಟರಿಗೆ ಹೇಳಿಯಾಗಿದೆ, ಅದು ನಮ್ಮ ಕಡೆಯ ಹಳೆಯ ಪಾಯಸವೇ ಆದ್ದರಿಂದ ಯಾರೂ ತಕರಾರು ಮಾಡುವ ಹಾಗಿಲ್ಲ.

ಧಾರೆ ಸೀರೆಯ ಬಗ್ಗೆ ಮಾತ್ರ ಈಗಲೇ ಹೇಳಿಬಿಡುತ್ತೇನೆ. ಮೈಲಿಗೆ ತಾಗಬಾರದೆಂದು ಪೂಜೆಗೆ ಪಟ್ಟೆಮಡಿ ಉಡುತ್ತೇವೆ. ಆ ಪಟ್ಟೆ, ಅಂದರೆ ರೇಷ್ಮೆ, ಬರುವುದು ಹುಳು ಸುತ್ತಿಕೊಂಡ ಗೂಡಿನಿಂದ. ಹುಳು ಪತಂಗವಾಗಿ ಗೂಡು ತೂತು ಮಾಡಿ ಹೊರಗೆ ಬಂದರೆ ಎಳೆ ತುಂಡಾಗುತ್ತದೆ, ಅದಕ್ಕೇ ಮೊದಲೇ ಬಿಸಿಗೆ ಹಿಡಿದು ಸಾಯಿಸಿ, ಬಿಸಿನೀರಿಗೆ ಹಾಕಿ ನೂಲು ಬಿಚ್ಚುತ್ತಾರೆ. ಒಂದು ಸೀರೆಗೆ ಗೂಡುಗಳ ಲೆಕ್ಕ ಸಾವಿರಗಳಲ್ಲಿ. ಮಾಂಸದ ಅಂಗಡಿಯ ಮುಂದೆ ಹಾಯಲೂ ಹಿಂಜರಿಯುವವರು ಇದನ್ನು ಮೈತುಂಬ ಸುತ್ತಿಕೊಂಡು ಶುದ್ಧರಾಗುತ್ತಾರೆ.

ಅಜ್ಜಿಯ ಧಾರೆ ಸೀರೆ ಮೇಲಿನ ಟ್ರಂಕಿನಲ್ಲಿದೆ. ಅದರ ಹುಳುಗಳು ಸತ್ತು ಅರ್ಧ ಶತಮಾನ ದಾಟಿತು, ಈಗ ನೀನು ಉಟ್ಟರೂ ಬಿಟ್ಟರೂ ಅವಕ್ಕೆ ವ್ಯತ್ಯಾಸವಿಲ್ಲ, ಹಾಗಾಗಿ ಅದನ್ನು ಉಡಲು ನನ್ನ ಆಕ್ಷೇಪವೂ ಇಲ್ಲ. ಜರಿ ಸ್ವಲ್ಪ ಕಪ್ಪಾಗಿದೆ, ಮಡಿಕೆಯ ಜಾಗದಲ್ಲಿ ಒಂದು ಕಡೆ ಬಿರಿದಿದೆ, ಪೇಟೆಯಲ್ಲಿ ರಫು ಹಾಕಿ ಕೊಡುವವರಿದ್ದಾರೆ. ಅದು ಬೇಡ, ಹೊಸದೇ ಬೇಕು ಎಂದರೆ ಅಪ್ಪನನ್ನು ಕರೆದುಕೊಂಡು ಹೋಗು, ನಾನು ಬರುವುದಿಲ್ಲ. ಅಂಗಡಿಯಲ್ಲಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ, ನಿನಗೆ ಗೊತ್ತು. ಯಾವುದು ಎಂದು ದೊಡ್ಡಹಬ್ಬದೊಳಗೆ ತಿಳಿಸು, ರವಿಕೆ ಹೊಲಿಯುವವಳು ಆಮೇಲೆ ಕೈಗೆ ಸಿಗುವುದಿಲ್ಲ.

ನಿನ್ನ
ಅಮ್ಮ