ಸಹಿ ಹಾಕುವ ಮುಂಚೆ

ಚಿ. ಸೌ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಎಲ್ಲರೂ ಕ್ಷೇಮ. ನೀನು ಗ್ರಾಮ ಪಂಚಾಯಿತಿಗೆ ಗೆದ್ದ ಸುದ್ದಿಯನ್ನು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಫೋಟೋಗಳನ್ನೂ ಕಳಿಸಿದ. ಒಂದು ಫೋಟೋದಲ್ಲಿ ಹಾರ ಅಳಿಯಂದಿರ ಕೊರಳಲ್ಲಿತ್ತು, ನೀನು ಪಕ್ಕದಲ್ಲಿ ನಿಂತಿದ್ದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಹೇಳಿದ್ದು ಫೋನ್ ಇಟ್ಟ ಮೇಲೆ ಮರೆತುಹೋಗುತ್ತದೆ. ಮೂವತ್ತು ವರ್ಷಕ್ಕೂ ಜಾಸ್ತಿ ಪಂಚಾಯಿತಿ ಕಾಗದಗಳ ನಡುವೆ ಕಳೆದವನು ನಾನು, ಬರೆದು ಕೊಟ್ಟರೇ ನನಗೆ ಸಮಾಧಾನ.

1987ರಲ್ಲಿ, ಈಗಿನ ಗ್ರಾಮ ಪಂಚಾಯಿತಿಗಳಿಗೆ ಮುಂಚಿನ ಮಂಡಲ ಪಂಚಾಯಿತಿಗಳು ಶುರುವಾದಾಗ ನಾನು ಕೆಲಸಕ್ಕೆ ಸೇರಿದವನು. ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದ ಕಾಲ. ಊರೂರಿಗೆ ಬೋರ್‌ವೆಲ್ ಕೊರೆಸಿದರು ಅಂತ ಜನ ಅವರನ್ನು 'ನೀರ್ ಸಾಬ್' ಅನ್ನುತ್ತಿದ್ದರು. ಆಗ ಹೆಂಗಸರಿಗೆ ಕಾಲು ಭಾಗ ಸೀಟು ಮೀಸಲು. 1993ರಲ್ಲಿ ಈಗಿನ ಪಂಚಾಯತ್ ರಾಜ್ ಕಾಯ್ದೆ ಬಂತು. 2010ರ ತಿದ್ದುಪಡಿ ಆದ ಮೇಲೆ ಅರ್ಧ ಸೀಟು ಹೆಂಗಸರದ್ದು. ಇಷ್ಟನ್ನು ಯಾಕೆ ಹೇಳಿದೆ ಅಂದರೆ, ಆ ಕುರ್ಚಿ ನಿನಗೆ ಯಾರೋ ದಯೆಯಿಂದ ಕೊಟ್ಟದ್ದಲ್ಲ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ನಿಮ್ಮ ದೊಡ್ಡಮ್ಮ ಬಿಟ್ಟರೆ ಯಾರಿಗೂ ಹೇಳಿಲ್ಲ.

ನಾನು ಕಾರ್ಯದರ್ಶಿ ಆಗಿದ್ದ ಒಂದು ಊರಿನಲ್ಲಿ ಗ್ರಾಮಸಭೆ ಕರೆದಿದ್ದೆವು. ಹನ್ನೊಂದು ಜನ ಬಂದರು. ಅದರಲ್ಲಿ ಮೂವರು ನಮ್ಮ ನೌಕರರೇ. ಕೋರಂ ಇಲ್ಲ, ಅಂದರೆ ಸಭೆಗೆ ಬೇಕಾದಷ್ಟು ಜನ ಇಲ್ಲ, ಸಭೆ ಮುಂದೂಡಬೇಕಿತ್ತು. ಆದರೆ ವರ್ಷದ ಕೊನೆ, ಮನೆ ಹಂಚಿಕೆಯ ಪಟ್ಟಿ ತಾಲ್ಲೂಕಿಗೆ ಹೋಗಬೇಕು, ಮೇಲಿನಿಂದ ದಿನಾ ಫೋನ್. ಹಾಜರಿ ಪುಸ್ತಕವನ್ನು ಜವಾನನ ಕೈಲಿ ಮನೆಮನೆಗೆ ಕಳಿಸಿದೆ. ಸಂಜೆ ಹೊತ್ತಿಗೆ ನೂರಕ್ಕೂ ಮೇಲೆ ಸಹಿ ಬಂತು. ರಾತ್ರಿ ಕೂತು ನಡವಳಿ, ಅಂದರೆ ಸಭೆಯಲ್ಲಿ ಏನು ನಡೆಯಿತು ಅನ್ನುವ ದಾಖಲೆ, ಬರೆದೆ. 'ಸಭೆಯಲ್ಲಿ ಸುದೀರ್ಘವಾಗಿ ಚರ್ಚಿಸಿ, ಪಟ್ಟಿಯನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು' ಅಂತ. ಅಕ್ಷರ ಮುತ್ತಿನ ಹಾಗಿತ್ತು.

ತಿಂಗಳ ಮೇಲೆ ಒಬ್ಬ ವಿಧವೆ ಕಚೇರಿಗೆ ಬಂದರು. ಸೋಗೆ ಗುಡಿಸಲು ಅವರದು, ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿತ್ತು. ಸಭೆ ನಿಜವಾಗಿ ನಡೆದು ಪಟ್ಟಿ ಗಟ್ಟಿಯಾಗಿ ಓದಿದ್ದರೆ ಯಾರಾದರೂ ಒಬ್ಬರು ಎದ್ದು ಕೇಳುತ್ತಿದ್ದರು. ನಾನು ದೊಡ್ಡ ಮನುಷ್ಯನ ಹಾಗೆ ಪುಸ್ತಕ ತೆಗೆದು, 'ಊರವರೇ ಒಪ್ಪಿದ್ದಾರಲ್ಲಮ್ಮ' ಅಂತ ತೋರಿಸಿದೆ. ಆ ಪುಟದಲ್ಲಿ ಅವರದೇ ಹೆಬ್ಬೆಟ್ಟು ಇತ್ತು. ಜವಾನ ಹೋಗಿ ಒತ್ತಿಸಿಕೊಂಡು ಬಂದಿದ್ದ. ಯಾವುದಕ್ಕೆ ಅಂತ ಅವರಿಗೆ ಗೊತ್ತಿರಲಿಲ್ಲ.

ಮುಂದಿನ ಪಟ್ಟಿಯಲ್ಲಿ ಸೇರಿಸಿದೆವು, ಮನೆಯೂ ಆಯಿತು. ಆದರೆ ನಡುವೆ ಎರಡು ಮಳೆಗಾಲ ಕಳೆದಿತ್ತು.

ಅದಕ್ಕೇ ಹೇಳುತ್ತೇನೆ, ಪಂಚಾಯಿತಿ ಮೇಲೆ ಕಣ್ಣಿಡುವುದು ಅಂದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೇಲೆ ಕೂಗಾಡುವುದಲ್ಲ. ಹೊಸ ಸದಸ್ಯರು ಮೊದಲ ಆರು ತಿಂಗಳು ಮೇಜು ಗುದ್ದುತ್ತಾರೆ, ಆಮೇಲೆ ಸುಸ್ತಾಗಿ ಕೊಟ್ಟ ಕಡೆ ಸಹಿ ಹಾಕುತ್ತಾರೆ. ಅಂಥ ಸದಸ್ಯರನ್ನು ಕಂಡರೆ ನಮಗೆ ನೌಕರರಿಗೆ ಭಯವೇ ಇರುತ್ತಿರಲಿಲ್ಲ. ನಾವು ಹೆದರುತ್ತಿದ್ದದ್ದು ಸುಮ್ನೆ ಕೂತು ಓದುವವರಿಗೆ. ನನ್ನ ಸರ್ವೀಸಿನಲ್ಲಿ ಅಂಥವರು ಇಬ್ಬರೇ ಸಿಕ್ಕರು. ಒಬ್ಬರು ನಾಲ್ಕನೇ ಕ್ಲಾಸ್ ಓದಿದ ಹೆಂಗಸು. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ನಿಧಾನಕ್ಕೆ ಓದುತ್ತಿದ್ದರು. ಸಭೆ ಮುಗಿಸಿ ಹೊರಡುವ ಆತುರದಲ್ಲಿ ನಾವೆಲ್ಲ ಗಡಿಯಾರ ನೋಡುತ್ತಿದ್ದೆವು. ಅವರು ಒಂದು ಸಲವೂ ತಲೆ ಎತ್ತಲಿಲ್ಲ.

ನಡವಳಿ ಪುಸ್ತಕವನ್ನು ಹೇಗೆ ನೋಡಬೇಕು ಅಂತ ಹೇಳುತ್ತೇನೆ. ಸಭೆಗೆ ಹೋದ ತಕ್ಷಣ ಹಾಜರಿಗೆ ಸಹಿ ಮಾಡಿಸಿಕೊಳ್ಳುತ್ತಾರೆ. ಅದು ಸರಿ. ಆದರೆ ನಡವಳಿ ಬರೆಯುವುದು ಎಷ್ಟೋ ಕಡೆ ವಾರದ ಮೇಲೆ. ಆಗ ನಿನ್ನ ಸಹಿ ಕೆಳಗಿರುತ್ತದೆ, ಮೇಲಿನ ಜಾಗ ಖಾಲಿ ಇರುತ್ತದೆ. ಆ ಖಾಲಿ ಜಾಗದಲ್ಲಿ ಏನು ಬೇಕಾದರೂ ಹುಟ್ಟಬಹುದು. ಅಲ್ಲೇ ಬರೆಯಲಿ, ಅಲ್ಲೇ ಓದಲಿ, ಕೊನೆಯ ಠರಾವಿನ ಕೆಳಗೆ ಗೆರೆ ಎಳೆಯಲಿ. ಅಜೆಂಡಾದ ಕೊನೆಯಲ್ಲಿ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು' ಅಂತ ಒಂದು ಸಾಲು ಇದ್ದೇ ಇರುತ್ತದೆ. ಕಾಫಿ ಬಂದು, ಅರ್ಧ ಜನ ಎದ್ದ ಮೇಲೆ ಬರುವ ವಿಷಯ ಅದು. ನೀನು ಏಳಬೇಡ. ನಾನು ಕಂಡ ಹಾಗೆ ಎಡವಟ್ಟು ಬಿಲ್ಲುಗಳು ಪಾಸಾಗುತ್ತಿದ್ದದ್ದು ಆ ಸಾಲಿನಲ್ಲೇ. ನಿನಗೆ ಒಪ್ಪಿಗೆ ಇಲ್ಲದಿದ್ದರೆ 'ನನ್ನ ವಿರೋಧವಿದೆ' ಅಂತ ನಡವಳಿಯಲ್ಲಿ ಬರೆಸು. ಬಾಯಲ್ಲಿ ಹೇಳಿದ ವಿರೋಧ ಪುಸ್ತಕಕ್ಕೆ ಕೇಳಿಸುವುದಿಲ್ಲ.

ಕಾಗದ ಓದಿದ್ದು ಅರ್ಧ ಕೆಲಸ. ಇನ್ನರ್ಧ ಕಾಲಿನದು.

ನಿನ್ನ ವಾರ್ಡಿನಲ್ಲಿ ಕೆಲಸ ಶುರುವಾದರೆ ಎಸ್ಟಿಮೇಟಿನ ಜೆರಾಕ್ಸ್ ಇಟ್ಟುಕೊಂಡು ಅಲ್ಲಿಗೆ ಹೋಗು. ಕೆಲಸ ಮುಗಿದ ಮೇಲೆ ಹೋದರೆ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ. ಪೈಪ್‌ಲೈನ್ ಆದರೆ ಮಣ್ಣು ಮುಚ್ಚುವ ಮುಂಚೆ ಹೋಗಬೇಕು. ಕಾಂಕ್ರೀಟ್ ರಸ್ತೆ ಆದರೆ ಪಕ್ಕಕ್ಕೆ ಮಣ್ಣು ಏರಿಸುವ ಮುಂಚೆ, ಅಂಚು ಕಾಣುವಾಗ, ಟೇಪ್ ಹಿಡಿದು ದಪ್ಪ ಅಳೆ. ನಡುವಿನಲ್ಲಿ ಎಷ್ಟಿದೆ ಅಂತ ದೇವರಿಗೇ ಗೊತ್ತು, ಅಂಚಿನಲ್ಲಾದರೂ ಎಸ್ಟಿಮೇಟಿನಷ್ಟು ಇರಬೇಕಲ್ವಾ? ಕಾಂಕ್ರೀಟ್ ಹಾಕಿದ ಮರುದಿನದಿಂದ ಅದರ ಮೇಲೆ ನೀರು ಕಟ್ಟಿ ನಿಲ್ಲಿಸುತ್ತಾರಾ ನೋಡು. ಅದನ್ನೇ ಕ್ಯೂರಿಂಗ್ ಅನ್ನುವುದು. ಕ್ಯೂರಿಂಗ್ ಮಾಡದ ರಸ್ತೆ ಎರಡನೇ ಮಳೆಗೇ ಜಲ್ಲಿ ಕಾರುತ್ತದೆ. ಇದಕ್ಕೆ ಇಂಜಿನಿಯರ್ ಓದಬೇಕಿಲ್ಲ, ಮನೆ ಕಟ್ಟಿಸಿದ ಯಾರಿಗಾದರೂ ಗೊತ್ತು. ಬಿಲ್ ಆಗುವುದು ಜೆಇ, ಅಂದರೆ ಜೂನಿಯರ್ ಇಂಜಿನಿಯರ್, ಬರೆಯುವ ಅಳತೆ ಪುಸ್ತಕದ ಮೇಲೆ. ಅದನ್ನು ಎಂಬಿ ಅನ್ನುತ್ತಾರೆ. ಎಂಬಿಯಲ್ಲಿರುವ ಉದ್ದ ಮತ್ತು ನೆಲದ ಮೇಲಿರುವ ಉದ್ದ ಒಂದೇನಾ ಅಂತ ಕೇಳಿದರೆ ಸಾಕು, ಮಾತು ತಾನಾಗಿ ಮೆತ್ತಗಾಗುತ್ತದೆ.

ನೀರಿನದೂ ಹೀಗೇ. ಜಲಜೀವನ್ ಮಿಷನ್ 2019ರಲ್ಲಿ ಬಂದಾಗ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ ಇಟ್ಟರು. ಐದು ಜನರ ಮನೆಗೆ 275 ಲೀಟರ್ ಆಯಿತು. ಕೊಡದ ಲೆಕ್ಕದಲ್ಲಿ ಹೆಚ್ಚುಕಡಿಮೆ ಹದಿನೆಂಟು ಕೊಡ. ಮನೆ ಮುಂದೆ ನಲ್ಲಿ ನಿಂತ ಮಾತ್ರಕ್ಕೆ ಅಷ್ಟು ನೀರು ಬಂತು ಅಂತಲ್ಲ. ಟ್ಯಾಂಕಿನ ಪಕ್ಕದ ಮನೆಯಲ್ಲಿ ನೋಡಬೇಡ, ಲೈನಿನ ಕೊನೆಯ ಮನೆಯಲ್ಲಿ ನೋಡು. ಅದು ಯಾವ ಕೇರಿಯಲ್ಲಿರುತ್ತದೆ ಅಂತ ನಿನಗೇ ಗೊತ್ತು. ಒಂದು ಕೊಡ ತುಂಬುವುದಕ್ಕೆ ಎಷ್ಟು ನಿಮಿಷ, ನೀರು ಬಿಡುವುದು ಎಷ್ಟು ಹೊತ್ತು, ಇವೆರಡನ್ನೂ ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದುಕೋ. ಸಭೆಯಲ್ಲಿ 'ನೀರು ಸರಿಯಾಗಿ ಬರುತ್ತಿಲ್ಲ' ಅಂದರೆ 'ನೋಡೋಣ' ಅನ್ನುತ್ತಾರೆ. 'ಕೊನೆಯ ಆರು ಮನೆಗೆ ದಿನಕ್ಕೆ ಐದೇ ಕೊಡ, ಇಲ್ಲಿದೆ ಲೆಕ್ಕ' ಅಂದರೆ ಏನಾದರೂ ಉತ್ತರ ಕೊಡಲೇಬೇಕು. ಇನ್ನೊಂದು, ನೀರಿಗೆ ವಾಟರ್‌ಮನ್‌ನನ್ನು ಬೈಯುವುದಕ್ಕೆ ಮುಂಚೆ ಅವನಿಗೆ ಎಷ್ಟು ತಿಂಗಳ ಸಂಬಳ ಬಾಕಿ ಇದೆ ಅಂತ ಕೇಳು. ಮೋಟರ್ ಸುಟ್ಟರೆ ಕೈಯಿಂದ ದುಡ್ಡು ಹಾಕಿ ರಿಪೇರಿ ಮಾಡಿಸಿ, ಬಿಲ್ಲಿಗೆ ಅಲೆಯುವವರನ್ನು ನಾನು ನೋಡಿದ್ದೇನೆ. ಸಂಬಳ ಬಾಕಿ ಯಾಕೆ ಅಂತ ಕೆದಕಿದರೆ ಕಂದಾಯ ವಸೂಲಿ ಆಗಿರುವುದಿಲ್ಲ. ಯಾರಿಂದ ಎಷ್ಟು ಬರಬೇಕು, ಎಷ್ಟು ಬಂತು, ಎಷ್ಟು ಬಾಕಿ ಅಂತ ಬರೆದಿಡುವ ಡಿಸಿಬಿ ವಹಿ ತೆಗೆಸಿ ನೋಡಿದರೆ ದೊಡ್ಡ ಬಾಕಿದಾರರು ಯಾರು ಅಂತ ಕಾಣುತ್ತದೆ. ಒಂದೆರಡು ಹೆಸರು ನಮ್ಮ ನೆಂಟರದೇ ಇರಬಹುದು. ಇರಲಿ, ಓದು.

ಜನ ನಿನ್ನ ಮನೆ ಬಾಗಿಲಿಗೆ ಅರ್ಜಿ ತರುತ್ತಾರೆ. ನೀನು ಅದನ್ನು ಬ್ಯಾಗಿಗೆ ಹಾಕಿಕೊಂಡು 'ಮಾಡಿಸಿಕೊಡುತ್ತೇನೆ' ಅನ್ನಬೇಡ. ಅದು ಒಳ್ಳೆಯ ಹೆಸರು ತರುತ್ತದೆ, ನಿಜ. ಆದರೆ ನಂಬರ್ ಬೀಳದ ಅರ್ಜಿ ಕಚೇರಿ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ. 2011ರಲ್ಲಿ ಸೇವಾ ಖಾತರಿ ಕಾಯ್ದೆ ಮಾಡಿದರು, 2012ರ ಏಪ್ರಿಲ್‌ನಲ್ಲಿ 'ಸಕಾಲ' ಅಂತ ಜಾರಿಗೆ ಬಂತು. ಪಂಚಾಯಿತಿಯ ಹಲವು ಸೇವೆಗಳೂ ಅದರಲ್ಲಿವೆ. ಒಂದೊಂದು ಸೇವೆಗೂ ಇಷ್ಟು ದಿನ ಅಂತ ಗಡುವು. ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ತಡ ಮಾಡಿದವರಿಂದ ವಸೂಲಿ ಮಾಡಿ ಅರ್ಜಿದಾರರಿಗೆ ಕೊಡಬೇಕು ಅಂತ ನಿಯಮ. 20 ರೂಪಾಯಿ ಯಾವ ಲೆಕ್ಕ ಅಂತ ನಾವು ಮೊದಲು ನಕ್ಕಿದ್ದೆವು. ಆದರೆ ತಡ ಆದದ್ದು ಹೆಸರು ಸಮೇತ ದಾಖಲೆಯಲ್ಲಿ ಉಳಿಯುತ್ತದಲ್ಲ, ನಗು ಅಲ್ಲಿಗೆ ನಿಂತಿತು. ಹಾಗಾಗಿ ಅಜ್ಜಿಯೊಬ್ಬರು ಅರ್ಜಿ ತಂದರೆ ಅವರ ಜೊತೆ ಕೌಂಟರಿಗೆ ಹೋಗು, ಸ್ವೀಕೃತಿ ಕೈಗೆ ಬರುವ ತನಕ ನಿಲ್ಲು. ಸಕಾಲದಲ್ಲಿ ಇಲ್ಲದ ಕೆಲಸವಾದರೂ ಸೀಲು, ದಿನಾಂಕ ಹಾಕಿಸಿಕೋ.

ಜಮಾಬಂದಿ ಅನ್ನುವ ಹೆಸರನ್ನು ನೀನು ಕೇಳಿರಬಹುದು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಬಿಚ್ಚಿಡಬೇಕು, ಕಾಮಗಾರಿಗಳನ್ನು ಜಾಗಕ್ಕೆ ಹೋಗಿ ತೋರಿಸಬೇಕು. ನನಗೆ ಇದರಷ್ಟು ಇಷ್ಟವಾದ ನಿಯಮ ಇನ್ನೊಂದಿಲ್ಲ, ಇದರಷ್ಟು ಹಾಳಾದದ್ದೂ ಇನ್ನೊಂದಿಲ್ಲ. ಶಾಮಿಯಾನ, ಸ್ವಾಗತ, ನಾಲ್ಕು ಭಾಷಣ, ಫೋಟೋ, ಮುಗಿಯಿತು. ಜಾಗಕ್ಕೆ ಹೋಗುವ ಹೊತ್ತಿಗೆ ಬಿಸಿಲು ಜಾಸ್ತಿ ಅನ್ನುತ್ತಾರೆ. ನೀನು ಒಂದು ಕೆಲಸ ಮಾಡು. ಸಭೆಗೆ ಮುಂಚೆಯೇ ಕಾಮಗಾರಿ ಪಟ್ಟಿ ತೆಗೆದುಕೊಂಡು ನಿನ್ನ ವಾರ್ಡಿನ ಹೆಂಗಸರ ಸಂಘದಲ್ಲಿ ಓದಿ ಹೇಳು. 'ಇಂಥವರ ಮನೆಯಿಂದ ಇಂಥವರ ಮನೆವರೆಗೆ ಚರಂಡಿ' ಅಂತ ಓದಿದರೆ, ಆ ಎರಡು ಮನೆ ನಡುವೆ ಓಡಾಡುವವರಿಗೆ ಚರಂಡಿ ಇದೆಯೋ ಇಲ್ಲವೋ ಗೊತ್ತಿರುತ್ತದೆ. ಒಂದು ಊರಿನಲ್ಲಿ ಒಂದೇ ಮಿನಿ ಟ್ಯಾಂಕಿಗೆ ಎರಡು ಯೋಜನೆಯಲ್ಲಿ ಬಿಲ್ ಆದದ್ದು ಹಾಗೆಯೇ ಸಿಕ್ಕಿತು. ಆಡಿಟರ್ ಕಣ್ಣಿಗೆ ಬಿದ್ದಿರಲಿಲ್ಲ, ಅಲ್ಲಿ ಬಟ್ಟೆ ಒಗೆಯುವ ಹುಡುಗಿ ಹಿಡಿದಳು.

ಮಾಹಿತಿ ಹಕ್ಕಿನ ವಿಷಯ ನಿನಗೆ ಗೊತ್ತಿರುವುದೇ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಆದರೆ ಅದು ಜೆರಾಕ್ಸ್ ಪಡೆಯುವುದಕ್ಕೆ ಮಾತ್ರ ಅಂತ ಜನ ಅಂದುಕೊಂಡಿದ್ದಾರೆ. ಕೆಲಸವನ್ನೇ ಹೋಗಿ ನೋಡುವ, ಬಳಸಿದ ಸಾಮಾನಿನ ಸ್ಯಾಂಪಲ್ ಕೇಳುವ ಹಕ್ಕೂ 2005ರ ಆ ಕಾಯ್ದೆಯಲ್ಲಿದೆ. ಊರವರಿಗೆ ಅದನ್ನು ಹೇಳು.

ಈಗ ಹಾರದ ವಿಷಯ. ಅಳಿಯಂದಿರು ಒಳ್ಳೆಯವರು, ನಿನ್ನ ಚುನಾವಣೆಗೆ ಹಗಲು ರಾತ್ರಿ ಓಡಾಡಿದ್ದಾರೆ. ಅದಕ್ಕೇ ಈ ಮಾತು ಕಷ್ಟ. ಸಭೆಗೆ ಅವರು ಬಿಟ್ಟು ಬರಲಿ, ಕರೆದುಕೊಂಡು ಹೋಗಲಿ, ಒಳಗೆ ಬಂದು ಕೂರುವುದು ಬೇಡ. ನಿನ್ನ ಮೊಬೈಲ್‌ಗೆ ಪಂಚಾಯಿತಿಯಿಂದ ಫೋನ್ ಬಂದರೆ ನೀನೇ ಎತ್ತು. ಹೆಂಡತಿಯ ಪರವಾಗಿ ಗಂಡ ಬಂದು ಕೂತ ಸಭೆಗಳನ್ನು ನಾನು ಬೇಕಾದಷ್ಟು ನಡೆಸಿದ್ದೇನೆ. ನಾವು ಅವರಿಗೆ ಟೀ ಕೊಟ್ಟು, ಪುಸ್ತಕ ಮನೆಗೆ ಕಳಿಸಿ ಸಹಿ ತರಿಸಿಕೊಳ್ಳುತ್ತಿದ್ದೆವು. ನಾಳೆ ಆಡಿಟ್‌ನಲ್ಲಿ ಆಕ್ಷೇಪಣೆ ಬಿದ್ದು ನೋಟಿಸ್ ಬಂದರೆ ಅದರ ಮೇಲೆ ಇರುವುದು ಹೆಂಡತಿ ಹೆಸರೇ. ಇದನ್ನು ಅವರಿಗೂ ಓದಿ ಹೇಳು. ಕೋಪ ಬಂದರೆ ನನ್ನ ಮೇಲೆ ಹಾಕು.

ಎಲ್ಲದರಲ್ಲೂ ಕಳ್ಳತನವನ್ನೇ ಹುಡುಕಲು ಹೋಗಬೇಡ ಮತ್ತೆ. ಪಿಡಿಒ ಒಬ್ಬರೇ ಎರಡು ಪಂಚಾಯಿತಿ ನೋಡಿಕೊಳ್ಳುವ ಕಡೆ ಎಷ್ಟೋ ಕೆಲಸ ನಿಲ್ಲುವುದು ಪುರುಸೊತ್ತಿಲ್ಲದೆ. ಸರಿಯಾಗಿ ಕೆಲಸ ಮಾಡುವವರಿಗೆ ಅಡ್ಡ ಬಿಲ್ ಮಾಡು ಅಂತ ಒತ್ತಡ ಬರುವುದು ನಿಮ್ಮಂಥ ಸದಸ್ಯರಿಂದಲೇ. ಅಂಥ ದಿನ ನೀನು ಅವರ ಕಡೆ ನಿಲ್ಲು. ನನ್ನ ಕಡೆ ಒಬ್ಬರು ನಿಂತಿದ್ದರೆ ಆ ಹಾಜರಿ ಪುಸ್ತಕ ಮನೆಮನೆಗೆ ಹೋಗುತ್ತಿರಲಿಲ್ಲವೇನೋ. ಗೊತ್ತಿಲ್ಲ, ಇದು ನೆಪವೂ ಇರಬಹುದು.

ಮೈಸೂರಿನಲ್ಲಿ ನಜೀರ್ ಸಾಬರ ಹೆಸರಿನ ತರಬೇತಿ ಸಂಸ್ಥೆ ಇದೆ. ಹೊಸ ಸದಸ್ಯರ ತರಬೇತಿಗೆ ಕರೆದರೆ ತಪ್ಪಿಸಬೇಡ. ಕೊಡುವ ಕೈಪಿಡಿಯನ್ನು ಪುಟ್ಟನ ಕೈಗೆ ಸಿಗದ ಕಡೆ ಇಡು.

ಈ ಪತ್ರದ ಜೊತೆ ನನ್ನ ಹಳೆಯ ಟೇಪ್ ಕಳಿಸುತ್ತಿದ್ದೇನೆ. ಐದು ಮೀಟರಿನದು, ತುದಿ ಸ್ವಲ್ಪ ಬಾಗಿದೆ, ಅಳತೆ ಸರಿಯಾಗಿದೆ. ಮೊದಲ ಸಭೆಯ ನೋಟಿಸ್ ಬಂದ ಕೂಡಲೇ ಅಜೆಂಡಾದ ಫೋಟೋ ತೆಗೆದು ವಾಟ್ಸಾಪ್ ಮಾಡು. ಸಂಜೆ ಏಳರ ಒಳಗೆ ಫೋನ್ ಮಾಡಿದರೆ ಒಂದೊಂದೇ ವಿಷಯ ಕೂತು ಮಾತಾಡೋಣ. ಏಳರ ಮೇಲೆ ನಿಮ್ಮ ದೊಡ್ಡಮ್ಮನ ಸೀರಿಯಲ್ ಶುರುವಾಗುತ್ತದೆ, ನನ್ನ ಮಾತು ನನಗೇ ಕೇಳಿಸುವುದಿಲ್ಲ.

ಇಂತಿ ನಿನ್ನ ದೊಡ್ಡಪ್ಪ